ನಾನು ಕೊಟ್ಟ ಮುಖ

ನಾಯಕರನ್ನು ಕೊಂದ ಗುಂಡು ಮೊದಲು ನನ್ನ ಬಲಗಿವಿಯ ಹತ್ತಿರ ಬಂದು, ಗಾಳಿಯಲ್ಲೇ ಒಂದು ಗಳಿಗೆ ನಿಂತು, "ಸ್ವಲ್ಪ ಪಕ್ಕಕ್ಕೆ ಸರೀತೀರಾ" ಎಂದು ಕೇಳಿ, ಆಮೇಲೆ ವೇದಿಕೆಯ ಕಡೆ ಹೋಯಿತು. ನಂಬದವರು ನಂಬಬೇಡಿ. ಅದರ ಬಿಸಿಗೆ ಕಿವಿಯ ಮೇಲಿನ ಕೂದಲು ಸುಟ್ಟಿದ್ದನ್ನು ನನ್ನ ಹೆಂಡತಿಗೆ ತೋರಿಸಿದೆ. "ಅದು ಹೋದ ವಾರ ಬೆಸುಗೆ ಹಾಕುವಾಗ ಸುಟ್ಕೊಂಡಿದ್ದು ರೀ" ಎಂದಳು. ಇತಿಹಾಸದ ಮೇಲೆ ಒಂದಿಷ್ಟೂ ಗೌರವವಿಲ್ಲದ ಹೆಣ್ಣು.

ನಾನು ಮೈಕ್ ಸೆಟ್ಟಿನವನು. ಚುನಾವಣೆ ಇರಲಿ, ಕಾರ್ಮಿಕರ ಸಭೆ ಇರಲಿ, ಶಾಲೆಯ ಆಟೋಟ ಇರಲಿ, ಈ ಊರಲ್ಲಿ ಯಾರು ಏನು ಹೇಳಬೇಕಾದರೂ ನನ್ನ ಮೂಲಕವೇ ಹೇಳಬೇಕು. ನಾನು ಹಾರ್ನು ಕಟ್ಟಿದ ದಿನ ನದಿಯಾಚೆಯ ಕಿವುಡರೂ ಎದ್ದು ಕಿಟಕಿ ಮುಚ್ಚಿಕೊಳ್ಳುತ್ತಾರೆ. ಊರಿನವರು ನನಗಿಟ್ಟ ಹೆಸರು ಎಕೋ. ನನ್ನ ಯಂತ್ರದಲ್ಲಿ ಎಕೋ ಬರುತ್ತದೆಂದು ಇಟ್ಟದ್ದಲ್ಲ. ನನ್ನ ಕಿವಿಗೆ ಒಂದು ಮಾತು ಹಾಕಿದರೆ ಬಾಯಿಂದ ನಾಲ್ಕಾಗಿ ಬರುತ್ತದಂತೆ. ಹೊಟ್ಟೆಕಿಚ್ಚಿನ ಜನ.

ಅವತ್ತು ನಾಯಕರ ಭಾಷಣಕ್ಕೆ ಮೈದಾನದಲ್ಲಿ ಎಷ್ಟು ಜನ ಸೇರಿದ್ದರೆಂದರೆ ಭೂಮಿ ಆ ಮಗ್ಗುಲಿಗೆ ಸ್ವಲ್ಪ ವಾಲಿತ್ತು. ವೇದಿಕೆಯ ಎಡಮೂಲೆಯ ಪಕ್ಕ ನೆಲದ ಮೇಲೆ, ಮೆಟ್ಟಿಲಿಗೆ ತಾಗಿದಂತೆ ನನ್ನ ಮೇಜು. ಮೇಜಿನ ಮೇಲೆ ಆಂಪ್ಲಿಫೈಯರು, ಕೆಳಗೆ ಬ್ಯಾಟರಿ, ಬ್ಯಾಟರಿಯ ಸುತ್ತ ವೈರುಗಳ ಗೋಜಲು. ಕೊಲೆಗಾರ ವೇದಿಕೆ ಹತ್ತಿದ್ದು ಆ ಮೆಟ್ಟಿಲಿಂದ, ಇಳಿದು ಓಡಿದ್ದೂ ಆ ಮೆಟ್ಟಿಲಿಂದಲೇ. ಮೈದಾನದ ಜನಕ್ಕೆ ಕಂಡದ್ದು ಬೆನ್ನು ಮಾತ್ರ, ಬೂದು ಕೋಟಿನ ಒಂದು ಬೆನ್ನು. ವೇದಿಕೆಯ ಮೇಲಿದ್ದ ದೊಡ್ಡವರೆಲ್ಲ ಕುರ್ಚಿಯಡಿಗೆ ಸೇರಿದ್ದರು. ಅವರನ್ನು ಕೇಳಿದರೆ ಒಬ್ಬೊಬ್ಬರೂ ಪಕ್ಕದವರ ಚಪ್ಪಲಿಯ ವರ್ಣನೆ ಕೊಡುತ್ತಾರೆ. ಹಾಗಾಗಿ ಅವನ ಮುಖವನ್ನು ನೋಡಬಹುದಾಗಿದ್ದ ಜಾಗ ಇಡೀ ದೇಶದಲ್ಲಿ ಒಂದೇ ಇತ್ತು. ಅಲ್ಲಿ ನಾನಿದ್ದೆ.

ಮಾರನೆಯ ಬೆಳಿಗ್ಗೆ ಕ್ಷೌರದಂಗಡಿಗೆ ಹೋದೆ. ಅಂಗಡಿ ತುಂಬಿತ್ತು. ಗಡ್ಡ ಇಲ್ಲದವರೂ ಬಂದು ಕೂತಿದ್ದರು. ನನ್ನನ್ನು ಕಂಡದ್ದೇ ಕ್ಷೌರಿಕ ಕುರ್ಚಿಯಲ್ಲಿದ್ದವನನ್ನು ಅರ್ಧಕ್ಕೇ ಎಬ್ಬಿಸಿ ನನ್ನನ್ನು ಕೂರಿಸಿದ.

"ಎಕೋ ಅಣ್ಣ, ನೀವು ಅಲ್ಲೇ ಇದ್ರಂತೆ?"

"ಅಲ್ಲೇ ಏನು ಬಂತು. ಇನ್ನೊಂದು ಗೇಣು ಈಚೆ ಬಂದಿದ್ರೆ ಈಗ ನಿನಗೆ ಗಿರಾಕಿ ಒಬ್ಬ ಕಮ್ಮಿ."

"ಹಂಗಾದ್ರೆ ಅವನ ಮುಖ ನೋಡಿರ್ತೀರಿ."

ಕತ್ತಿ ನನ್ನ ದವಡೆಯ ಕೆಳಗೆ ನಿಂತಿತು. ಎದುರಿನ ಕನ್ನಡಿಯಲ್ಲಿ ಬೆಂಚಿನ ಮೇಲಿದ್ದವರೆಲ್ಲ ಕತ್ತು ಮುಂದೆ ಚಾಚಿ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಇಲ್ಲ ಎನ್ನುವ ಮಾತು ತೀರಾ ಚಿಕ್ಕದು. ನನ್ನ ಬಾಯಿಗೆ ಅಷ್ಟು ಚಿಕ್ಕ ಮಾತು ಆಡಿ ಅಭ್ಯಾಸವಿಲ್ಲ.

"ನೋಡದೆ ಏನು. ಈಗ ನಿನ್ನ ನೋಡ್ತಿದ್ದೀನಲ್ಲ, ಇದಕ್ಕಿಂತ ಹತ್ತಿರದಿಂದ."

"ಹೇಗಿದ್ದ ಅಣ್ಣ?"

"ಎಡಗಡೆ ಹುಬ್ಬು ನಡುವೆ ಕತ್ತರಿಸಿದ ಹಾಗಿದೆ, ಹಳೇ ಗಾಯ." ಬೆಂಚಿನವರು ಉಸಿರೆಳೆದುಕೊಂಡರು. ಆ ಸದ್ದಿಗೆ ನಾನು ಇನ್ನೊಂದು ಸೇರಿಸಿದೆ. "ಗಲ್ಲದಲ್ಲಿ ಕುಳಿ." ಮತ್ತೆ ಉಸಿರು. "ಮುಂದಿನ ಹಲ್ಲಿನ ತುದಿ ಮುರಿದಿದೆ."

"ಹಲ್ಲೂ ಕಾಣಿಸ್ತಾ?" ಮೂಲೆಯಲ್ಲಿದ್ದ ಒಬ್ಬ ಮುದುಕ ಕೇಳಿದ. "ಕೊಲೆ ಮಾಡುವಾಗ ನಗ್ತಿದ್ನಾ?"

"ಹಲ್ಲು ಕಚ್ಚಿದ್ದ" ಎಂದೆ. ಒಂದು ಮಾತು ಹೇಳುತ್ತೇನೆ. ಉಳಿದದ್ದನ್ನು ನೀವು ಹೇಗೆ ಬೇಕಾದರೂ ತೆಗೆದುಕೊಳ್ಳಿ, ಆ ಮುಖವನ್ನು ನಾನು ಅವತ್ತು ಅಷ್ಟು ಹತ್ತಿರದಿಂದ ನೋಡಿದ್ದು ನಿಜ. ಅದರಲ್ಲಿ ಎಳ್ಳಷ್ಟೂ ಸುಳ್ಳಿಲ್ಲ.

ಮಧ್ಯಾಹ್ನದ ಊಟಕ್ಕೆ ಮೊದಲೇ ಮನೆ ಮುಂದೆ ಪೊಲೀಸ್ ಜೀಪು. ಕರೆದುಕೊಂಡು ಹೋದದ್ದು ಅರ್ಧ ಗೋಡೆಗೆ ಹಸಿರು ಬಳಿದ ಒಂದು ಕೋಣೆಗೆ. ಮೇಜಿನ ಒಂದು ಕಾಲಿಗೆ ರಟ್ಟು ಮಡಚಿ ಇಟ್ಟಿದ್ದರು. ತಲೆಯ ಮೇಲೆ ಫ್ಯಾನು ಕಟಕಟ ಎನ್ನುತ್ತಿತ್ತು. ಅಧಿಕಾರಿ ಹೆಂಗಸು. ವಯಸ್ಸು ನಮ್ಮ ದೊಡ್ಡಕ್ಕನಷ್ಟು, ಭಾರೀ ಶೀತ ಬೇರೆ. ಮೂಗು ಒರೆಸಿಕೊಳ್ಳುತ್ತಲೇ ಪ್ರಶ್ನೆ ಕೇಳುತ್ತಿದ್ದರು.

"ಫ್ಯಾನಿನ ಬೇರಿಂಗ್ ಹೋಗಿದೆ ಮೇಡಂ" ಎಂದೆ.

"ಅದು ಹೋಗಿ ಬಹಳ ದಿನ ಆಯ್ತು. ನೀವು ಮುಖಕ್ಕೆ ಬನ್ನಿ."

ಮುಖಕ್ಕೆ ಬಂದೆ. ಪಕ್ಕದಲ್ಲಿ ಚಿತ್ರಗಾರ ಪೆನ್ಸಿಲ್ ಹಿಡಿದು ಕೂತಿದ್ದ. ನಾನು ಹೇಳಿದ ಹಾಗೆ ಕಾಗದದ ಮೇಲೆ ಒಬ್ಬ ಮನುಷ್ಯ ಎದ್ದು ಬರತೊಡಗಿದ. ಅಂಥ ಸುಖವನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ನನ್ನ ಮಾತು ಕೇಳಿ ಜನ ನಗುವುದುಂಟು, ಆಕಳಿಸುವುದುಂಟು. ಬರೆದುಕೊಳ್ಳುವುದನ್ನು ಕಂಡದ್ದು ಅದೇ ಮೊದಲು. ಹುಬ್ಬು ಸ್ವಲ್ಪ ದಪ್ಪ ಮಾಡಿಸಿದೆ. ಗಲ್ಲದ ಕುಳಿಯನ್ನು ಎರಡು ಸಲ ಅಳಿಸಿ ಆಳ ಮಾಡಿಸಿದೆ. ಸಂಜೆಯ ಹೊತ್ತಿಗೆ ಆ ಚಿತ್ರ ಊರಿನ ಗೋಡೆಗೋಡೆಯ ಮೇಲೂ ಇತ್ತು. ನನ್ನ ಹೆಂಡತಿ ಹಾಲು ತರಲು ಹೋದವಳು ನೋಡಿ ಬಂದಳು.

"ರೀ, ನಮ್ಮ ಮದುವೆ ದಿನ ನಾನು ನೀಲಿ ಬಟ್ಟೆ ಹಾಕಿದ್ದೆ ಅಂತ ಊರಿಗೆಲ್ಲ ಹೇಳ್ಕೊಂಡು ಬರ್ತೀರಿ."

"ಹೌದು. ಆಕಾಶವೇ ಇಳಿದು ಬಂದ ಹಾಗಿತ್ತು."

"ಹಾಕಿದ್ದು ಹಳದಿ. ಇಡೀ ದಿನ ಪಕ್ಕದಲ್ಲೇ ಕೂತಿದ್ದೆ. ಅದೇ ನೆನಪಿಲ್ಲದ ಮನುಷ್ಯ ಓಡಿಹೋಗೋನ ಹಲ್ಲಿನ ತುದಿ ನೆನಪಿಟ್ರಾ?"

"ಅದು ಐತಿಹಾಸಿಕ ಗಳಿಗೆ ಕಣೇ."

"ನಮ್ಮ ಮದುವೆ ಏನು ಸಂತೆಗೆ ಹೋದದ್ದಾ?" ಎಂದು ಹಾಲು ಕಾಯಿಸಲು ಹೋದಳು.

ಒಬ್ಬನನ್ನು ಹಿಡಿದರು. ಅವನು ಬಡಗಿ, ಆ ವೇದಿಕೆಯನ್ನೇ ಕಟ್ಟಿದವನು. ಹುಬ್ಬು, ಗಲ್ಲ, ಹಲ್ಲು ಎಲ್ಲ ಚಿತ್ರದಲ್ಲಿದ್ದಂತೆಯೇ. ಅವನ ಮನೆಯಲ್ಲಿ ಗೂಟಕ್ಕೆ ಹಾಕಿದ್ದ ಬೂದು ಕೋಟೂ ಸಿಕ್ಕಿತು. ಬೂದು ಕೋಟು ಈ ಊರಲ್ಲಿ ಅರ್ಧ ಜನಕ್ಕಿದೆ, ನನಗೂ ಇದೆ. ಆದರೆ ನನ್ನ ಚಿತ್ರ ಯಾವ ಗೋಡೆಯ ಮೇಲೂ ಇರಲಿಲ್ಲವಲ್ಲ. ಪೊಲೀಸ್ ಠಾಣೆಯ ಮುಂದೆ ಜನ ಸೇರಿದರು. ಅವನನ್ನು ಹೊರಗೆ ಬಿಡಿ, ನ್ಯಾಯಾಲಯ ಗೀಯಾಲಯ ಏನೂ ಬೇಡ, ಉಳಿದದ್ದು ನಾವು ನೋಡ್ಕೋತೀವಿ ಎಂದು ಕೂಗಿದರು. ಆ ಕೂಗಿಗೆ ಮೈಕ್ ಬೇಕಿರಲಿಲ್ಲ.

ಗುರುತು ಹಿಡಿಯಲು ನನ್ನನ್ನು ಕರೆಸಿದರು. ಗೋಡೆಗೆ ಒರಗಿಸಿ ಒಂದಷ್ಟು ಗಂಡಸರನ್ನು ಸಾಲಾಗಿ ನಿಲ್ಲಿಸಿದ್ದರು. ಬಡಗಿ ನಡುವಿನಲ್ಲಿದ್ದ. ನಾನು ಒಳಗೆ ಬಂದದ್ದೇ ಅವನ ಮುಖ ಅರಳಿತು. ಮುರಿದ ಹಲ್ಲು ಕಾಣುವಷ್ಟು ನಕ್ಕ. ಪಕ್ಕದವನಿಗೆ, "ಸದ್ಯ, ಎಕೋ ಅಣ್ಣ ಬಂದ್ರು" ಎಂದು ಪಿಸುಗುಟ್ಟಿದ್ದೂ ಕೇಳಿಸಿತು. ನನ್ನ ಕಿವಿ ಅಂಥದ್ದು.

ನನ್ನ ಕೈ ಅವತ್ತು ಒಂದು ಲಾರಿ ಸಿಮೆಂಟಿನಷ್ಟು ಭಾರವಿತ್ತು. ಆದರೂ ಎತ್ತಿದೆ. ಅವನ ಕಡೆ ತೋರಿಸಿದೆ. ಅವನ ನಗು ತಕ್ಷಣ ಆರಲಿಲ್ಲ. ನಾನು ಬೇರೆ ಯಾರನ್ನೋ ತೋರಿಸುತ್ತಿರಬೇಕೆಂದು ಪಕ್ಕಕ್ಕೆ ತಿರುಗಿ ನೋಡಿದ. ಆಮೇಲೆ ಇನ್ನೊಂದು ಪಕ್ಕಕ್ಕೆ.

"ಖಚಿತವಾ?" ಅಧಿಕಾರಿ ಕೇಳಿದರು.

"ನೂರಕ್ಕೆ ಸಾವಿರ" ಎಂದೆ.

ಆಮೇಲಿನ ದಿನಗಳಲ್ಲಿ ತಟ್ಟೆ ಮುಂದೆ ಕೂತು ಏಳುತ್ತಿದ್ದೆ. "ಯಾಕೆ ಊಟ ಬಿಟ್ಟಿದ್ದೀರಿ" ಎಂದು ಹೆಂಡತಿ ಕೇಳಿದಳು. ದೇಶ ದುಃಖದಲ್ಲಿದೆ ಎಂದೆ. "ದೇಶ ಮೂರು ಹೊತ್ತೂ ತಿಂತಾ ಇದೆ. ನಿಮಗೇನಾಗಿದೆ ಹೇಳಿ" ಎಂದಳು. ಏನೂ ಇಲ್ಲ ಎಂದೆ. ಬೀದಿಯಲ್ಲಿ ಜನ ನನ್ನ ಕೈ ಕುಲುಕುತ್ತಿದ್ದರು. ಕ್ಷೌರಿಕ ನಾನು ಕೂತಿದ್ದ ಕುರ್ಚಿಯನ್ನು ತೋರಿಸಿ ಹೊಸ ಗಿರಾಕಿಗಳಿಗೆ ಕತೆ ಹೇಳುತ್ತಿದ್ದನಂತೆ. ಅವನ ಕತೆಯಲ್ಲಿ ನಾನು ಕೊಲೆಗಾರನ ಕಾಲರು ಹಿಡಿದಿದ್ದೆನಂತೆ. ಹಿಂದಾಗಿದ್ದರೆ ಹೌದು, ಎರಡು ಗುಂಡಿ ಕಿತ್ತು ಕೈಗೆ ಬಂದವು ಎನ್ನುತ್ತಿದ್ದೆ. ಈಗ ಆ ಅಂಗಡಿಯ ಮುಂದೆ ಹೋಗುವುದನ್ನೇ ಬಿಟ್ಟೆ.

ಒಂದು ಮಧ್ಯಾಹ್ನ ಒಂದು ಹಾರ್ನಿನೊಳಗೆ ಸದ್ದು ಹೊರಡಿಸುವ ಡಯಾಫ್ರಂ ಬದಲಿಸುತ್ತಾ ಅಂಗಡಿಯಲ್ಲಿ ಕೂತಿದ್ದೆ. ಒಬ್ಬ ಹೆಂಗಸು ಬಂದು ಬಾಗಿಲಲ್ಲಿ ನಿಂತಳು. ಕೈ ಮೇಲೆಲ್ಲ ಸಣ್ಣಸಣ್ಣ ಸುಟ್ಟ ಗುರುತು.

"ನಾನು ಬಡಗಿಯ ಅಕ್ಕ. ಆಸ್ಪತ್ರೆ ಪಕ್ಕ ಇಸ್ತ್ರಿ ಅಂಗಡಿ ಇಟ್ಕೊಂಡಿದ್ದೀನಿ. ಬೈಯೋಕೆ ಬಂದಿಲ್ಲ, ಹೆದರ್ಬೇಡಿ."

"ನಾನು ಹೆದರೋ ಪೈಕಿ ಅಲ್ಲಮ್ಮ" ಎಂದೆ. ಸ್ಕ್ರೂ ಡ್ರೈವರು ಕೈಯಿಂದ ಜಾರಿ ಮೇಜಿನಡಿಗೆ ಉರುಳಿತು.

"ನಿನ್ನೆ ಅವನನ್ನ ನೋಡೋಕೆ ಬಿಟ್ರು. ನಿಮಗೊಂದು ಮಾತು ಹೇಳಿ ಕಳಿಸಿದ. ಅವತ್ತು ಎಕೋ ಅಣ್ಣನ ತಲೆಗೆ ಪೆಟ್ಟು ಬಿದ್ದಿತ್ತು, ಅದಕ್ಕೇ ಗೊಂದಲ ಆಗಿರ್ಬೇಕು, ಒಳ್ಳೆ ವೈದ್ಯರಿಗೆ ತೋರಿಸ್ಕೊಳ್ಳಲಿ ಅಂದ."

ನಾನು ಬಗ್ಗಿ ಸ್ಕ್ರೂ ಡ್ರೈವರು ಹುಡುಕತೊಡಗಿದೆ. ಅದು ಕಣ್ಣೆದುರಿಗೇ ಇತ್ತು.

"ಪೆಟ್ಟು ಬಿದ್ದಿತ್ತಾ ಅಣ್ಣ?"

"ಇಲ್ಲ."

"ಹಂಗಾದ್ರೆ ಅವನೇ ಅಂತೀರಾ? ಇದೇ ವಾರ ನ್ಯಾಯಾಲಯಕ್ಕೆ ಒಯ್ತಾರಂತೆ. ದಾರೀಲಿ ಜನ ಬಿಡಲ್ಲ ಅಂತ ಠಾಣೆಯವರೇ ಮಾತಾಡ್ಕೋತಿದ್ರು. ನೀವು ಒಂದ್ಸಲ ಯೋಚನೆ ಮಾಡಿ ಹೇಳಿದ್ರೂ ಸಾಕು."

ಯೋಚನೆ ಮಾಡಿದೆ. ಗೋಡೆಗಳ ಮೇಲಿದ್ದ ಚಿತ್ರ, ಕೈ ಕುಲುಕಿದವರು, ಅಧಿಕಾರಿ ಬರೆದುಕೊಂಡದ್ದು, ಎಲ್ಲ ಕಣ್ಣ ಮುಂದೆ ಬಂತು. ಇಷ್ಟನ್ನು ಬಾಯಿಂದ ಬಿಟ್ಟ ಮೇಲೆ ವಾಪಸು ನುಂಗುವುದು ಹೇಗೆ ಎಂದು ನನಗೆ ತಿಳಿಯಲಿಲ್ಲ.

"ಅವನೇ" ಎಂದೆ.

ಅವಳು ಮೆಟ್ಟಿಲಿಳಿದು ಹೋಗುವ ಸದ್ದು ಕೇಳಬಾರದೆಂದು ಪಕ್ಕದ ಹಾರ್ನನ್ನು ಜೋರಾಗಿ ಹಾಕಿದೆ. ಬೀದಿಯವರೆಲ್ಲ ಬಂದು ಬೈದರು. ಚೆನ್ನಾಗಿ ಬೈಯಲಿ ಎನಿಸಿತು.

ಅಧಿಕಾರಿ ಹೇಳಿ ಕಳಿಸಿದ್ದು ಅದರ ಮಾರನೆಯ ದಿನ. ನನ್ನ ಸೆಟ್ಟು ತೆಗೆದುಕೊಂಡು ಮೈದಾನಕ್ಕೆ ಬರಬೇಕು, ಅವತ್ತು ಏನೇನು ಎಲ್ಲೆಲ್ಲಿತ್ತೋ ಹಾಗೇ ಜೋಡಿಸಬೇಕು, ನ್ಯಾಯಾಲಯಕ್ಕೆ ನಕ್ಷೆ ಬೇಕಂತೆ. ಹೋದೆ. ವೇದಿಕೆಯನ್ನು ಇನ್ನೂ ಬಿಚ್ಚಿರಲಿಲ್ಲ. ನಾಯಕರು ಬಿದ್ದ ಕಡೆ ಮರದ ಹೊಟ್ಟು ಸುರಿದಿದ್ದರು. ಮೂವರು ಪೇದೆಗಳು ವೇದಿಕೆಯ ಮೇಲೆ ಅತ್ತಿತ್ತ ಓಡಾಡುತ್ತಿದ್ದರು: ಒಬ್ಬ ಬೋಳುತಲೆಯವನು, ಒಬ್ಬ ಉದ್ದನೆಯವನು, ಒಬ್ಬನಿಗೆ ಪೊರಕೆಯಂಥ ಮೀಸೆ.

ಮೇಜು ಹಾಕಿದೆ, ವೈರು ಎಳೆದೆ, ಹಾರ್ನು ಕಟ್ಟಿದೆ. ಮೈಕನ್ನು ನಾನೇ ಪರೀಕ್ಷೆ ಮಾಡ್ತೀನಿ ಎಂದು ಅಧಿಕಾರಿ ವೇದಿಕೆ ಹತ್ತಿದರು. ಮೂಗು ಕಟ್ಟಿದ ದನಿಯಲ್ಲಿ, "ಹಲೋ, ಹಲೋ" ಎಂದರು. ಅದು ಮೈದಾನದಾಚೆಯ ಗೋಡೆಗೆ ಬಡಿದು ವಾಪಸು ಬಂದಿತು. "ಸರಿ ಇದೆಯಾ?" "ಇನ್ನೂ ಸ್ವಲ್ಪ ಹತ್ತಿರ ಬನ್ನಿ ಮೇಡಂ." "ಹಲೋ."

ಢಬ್.

ಹಾರ್ನಿನಲ್ಲಿ ಸಿಡಿಲು ಬಡಿದ ಹಾಗಾಯಿತು. ನನ್ನ ಬಲಗೈ ವಾಲ್ಯೂಮಿನ ನಾಬನ್ನು ಸೊನ್ನೆಗೆ ತಿರುಗಿಸಿತು. ತಲೆ ಆಗಲೇ ಮೇಜಿನ ಕೆಳಗಿತ್ತು. ಬ್ಯಾಟರಿಯ ಕೊಂಡಿ ಮುಟ್ಟಿ ನೋಡಿದೆ, ವೈರನ್ನು ಬೆರಳಿನಿಂದ ತಡವುತ್ತಾ ಹೋದೆ, ಸುಟ್ಟ ವಾಸನೆ ಇದೆಯೇನೋ ಎಂದು ಮೂಸಿದೆ. ಮೈಕ್ ಸೆಟ್ಟಿನವನಿಗೆ ಲೋಕದಲ್ಲಿ ಎಲ್ಲಿ ಢಬ್ ಎಂದರೂ ಅದು ತನ್ನ ಮಿಷನ್ನಿನದೇ. ಮೊದಲು ಸದ್ದು ಅಡಗಿಸಬೇಕು, ಆಮೇಲೆ ತಪ್ಪು ಹುಡುಕಬೇಕು. ಇದನ್ನು ಯಾರೂ ಹೇಳಿಕೊಡುವುದಿಲ್ಲ, ನಾಲ್ಕು ಸಭೆಯಲ್ಲಿ ಬೈಸಿಕೊಂಡರೆ ತಾನಾಗಿ ಬರುತ್ತದೆ.

ತಲೆ ಎತ್ತಿದಾಗ ವೇದಿಕೆಯ ಮೇಲೆ, ಮೈಕಿನ ಬುಡದಲ್ಲಿ ಒಂದು ಹಲಗೆ ಬಿದ್ದಿತ್ತು. ಪೇದೆಗಳು ಮೂವರೂ ಸುತ್ತ ನಿಂತಿದ್ದರು. ಅಧಿಕಾರಿ ಮೂಗು ಒರೆಸಿಕೊಳ್ಳುತ್ತಿದ್ದರು.

"ಈ ಹಲಗೆ ಬೀಳಿಸಿದ್ದು ಯಾರು?"

ಅವರ ದನಿಯಲ್ಲಿ ಏನೂ ಇರಲಿಲ್ಲ. ಫ್ಯಾನು ಯಾರು ಹಾಕಿದ್ದು ಎಂದು ಕೇಳಿದ ಹಾಗೆ ಕೇಳಿದರು. ನಾನು ಮೂವರನ್ನೂ ನೋಡಿದೆ.

"ಆ ಮೀಸೆಯವರು ಮೇಡಂ" ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. "ಎಡಗೈಯಿಂದ. ಎತ್ತಿ ಬೀಳಿಸುವಾಗ ತುಟಿ ಕಚ್ಚಿಕೊಂಡಿದ್ರು. ಬೀಳಿಸಿದ ಮೇಲೆ ಬೋಳುತಲೆಯವರ ಕಡೆ ಒಂದ್ಸಲ ನೋಡಿದ್ರು."

ಮೀಸೆಯವನು ಬಾಯಿ ತೆರೆದು ನನ್ನನ್ನೇ ನೋಡಿದ. "ಮೇಡಂ, ನನ್ನ ಎಡಭುಜ ಉಳುಕಿ ವಾರ ಆಯ್ತು. ಆ ಕೈಲಿ ಟೋಪಿ ಎತ್ತೋಕೂ ಆಗಲ್ಲ."

"ಗೊತ್ತು" ಎಂದರು ಅಧಿಕಾರಿ. "ಬೀಳಿಸಿದ್ದು ನಾನು."

ಪೇದೆಗಳನ್ನು ದೂರ ಕಳಿಸಿದರು. ಮೀಸೆಯವನು ಹೋಗುವಾಗ ಎರಡು ಸಲ ತಿರುಗಿ ನೋಡಿದ, ನಾನು ಅವನ ಮೇಲೆ ಇನ್ನೇನು ಹೊರಿಸುತ್ತೇನೋ ಎನ್ನುವಂತೆ. ಅಧಿಕಾರಿ ಕೆಳಗಿಳಿದು ಬಂದು ಮೆಟ್ಟಿಲ ಮೇಲೆ ಕೂತರು. ನನಗೂ ಕೂರಲು ಹೇಳಿದರು.

"ಇವತ್ತು ಬಿಸಿಲು ಕಣ್ಣಿಗೆ ಹೊಡೀತಿತ್ತು ಮೇಡಂ, ಅದಕ್ಕೇ ಸ್ವಲ್ಪ..."

"ಇವತ್ತು ಮೋಡ."

ಹೌದು, ಮೋಡವಿತ್ತು.

"ಒಂದು ಹಲಗೆ ಬಿತ್ತು" ಎಂದರು. "ನೀವು ಮೇಜಿನಡಿ ಇದ್ರಿ. ಹೊರಗೆ ಬಂದು ಆ ಹಲಗೆಗೆ ಒಬ್ಬ ಮನುಷ್ಯನನ್ನ ಕೊಟ್ರಿ, ಮೀಸೆ ಸಮೇತ. ಬಡಗಿ ಮೊದಲಿಂದ ಒಂದೇ ಮಾತು ಹೇಳ್ತಿದ್ದಾನೆ, ಅಣ್ಣ ಮೇಜಿನ ಕೆಳಗಿದ್ರು ಅಂತ. ನಾನು ನಂಬಿರಲಿಲ್ಲ. ಅವತ್ತು ಅಲ್ಲಿ ಏನಾಯ್ತು ಹೇಳಿ. ಒಂದು ವಿಷಯ ತಿಳ್ಕೊಳ್ಳಿ. ಮೇಲಿನವರಿಗೆ ಒಂದು ಮುಖ ಸಿಕ್ಕಿದೆ, ಬಿಟ್ಟುಕೊಡೋಕೆ ಅವರಿಗೆ ಮನಸ್ಸಿಲ್ಲ. ಈಗ ನೀವು ಹೇಳೋದರಲ್ಲಿ ಒಂದು ಸಾಸಿವೆಯಷ್ಟು ಸುಳ್ಳು ಸಿಕ್ಕಿದ್ರೂ ಪೂರ್ತಿ ತೆಗೆದು ಬಿಸಾಡ್ತಾರೆ. ಅವನು ಒಳಗೇ ಉಳೀತಾನೆ."

ನಾಲಿಗೆ ಅಭ್ಯಾಸದಂತೆ ದೊಡ್ಡ ಮಾತುಗಳನ್ನು ಹುಡುಕಿತು. ಸಿಕ್ಕವನ್ನೆಲ್ಲ ಬಿಟ್ಟೆ.

"ಢಬ್ ಅಂತು" ಎಂದೆ. "ಮಿಷನ್ನು ಅಂದ್ಕೊಂಡು ಬಗ್ಗಿದೆ. ವೈರು ನೋಡ್ತಾ ಇದ್ದೆ. ಮೆಟ್ಟಿಲ ಮೇಲೆ ಯಾರೋ ಓಡಿದ ಸದ್ದಾಯ್ತು, ತಲೆ ಎತ್ತಲಿಲ್ಲ. ಆಮೇಲೆ ಜನ ನುಗ್ಗಿದ್ರು. ಮೇಜು ನನ್ನ ಮೇಲೆ ಬಿತ್ತು. ಏಳೋಕೆ ಆಗ್ಲಿಲ್ಲ."

"ಆಮೇಲೆ?"

"ಒಬ್ಬ ಮೇಜು ಎತ್ತಿದ. ಎಲ್ಲರೂ ಆ ಕಡೆ ಓಡ್ತಿದ್ರು, ಅವನೊಬ್ಬ ಈ ಕಡೆ ಬಂದಿದ್ದ. ನನ್ನ ಮೇಲೆ ಬಗ್ಗಿ, ಅಣ್ಣ ಪೆಟ್ಟಾಯ್ತಾ ಅಂತ ಕೇಳಿದ. ನನ್ನ ಕಂಕುಳಿಗೆ ಕೈ ಹಾಕಿ ಹೊರಗೆ ಎಳ್ಕೊಂಡು ಬಂದ. ಹುಬ್ಬು, ಹಲ್ಲು ಎಲ್ಲ ಆಗ ನೋಡಿದ್ದು. ಮಾರನೇ ದಿನ ಕ್ಷೌರದಂಗಡೀಲಿ ಮುಖ ಕೇಳಿದ್ರು. ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ ಮುಖ."

ಮೈದಾನದಲ್ಲಿ ಗಾಳಿಗೆ ಹಳೆಯ ಕರಪತ್ರಗಳು ಹೊರಳಾಡುತ್ತಿದ್ದವು.

"ಅವನು ನಿಮ್ಮನ್ನ ಎಳೆದು ತಂದ ಅಂತ ನೀವು ಯಾರಿಗೂ ಹೇಳಲಿಲ್ಲ."

"ಮೇಜಿನ ಕೆಳಗಿದ್ದೆ ಅಂತಲೂ ಹೇಳಬೇಕಾಗ್ತಿತ್ತಲ್ಲ ಮೇಡಂ."

"ಇದನ್ನ ನ್ಯಾಯಾಧೀಶರ ಮುಂದೆ ಹೇಳ್ತೀರಾ? ಸುಳ್ಳು ಸಾಕ್ಷಿಗೆ ನಿಮ್ಮ ಮೇಲೂ ಕೇಸಾಗುತ್ತೆ."

"ಹೇಳ್ತೀನಿ."

ಅವರು ಎದ್ದರು. ಎದ್ದವರು ನಿಂತರು.

"ಇನ್ನೊಂದು ಕೇಳ್ಬೇಕು. ನಾಯಕರ ಹೆಂಡತಿ ದಿನಾ ಫೋನ್ ಮಾಡ್ತಾರೆ. ಬಿದ್ದ ಮೇಲೆ ನಾಯಕರ ತುಟಿ ಅಲ್ಲಾಡ್ತಿತ್ತು ಅಂತ ಮುಂದಿನ ಸಾಲಿನವರು ಹೇಳ್ತಾರೆ. ಮೈಕು ಅವರ ಬಾಯಿ ಪಕ್ಕದಲ್ಲೇ ಬಿದ್ದಿತ್ತು. ಏನಾದ್ರೂ ಹೇಳಿದ್ರಾ?"

ಕೇಳಿದ ಕ್ಷಣದಲ್ಲೇ ಒಂದು ಮಾತು ನನ್ನ ನಾಲಿಗೆಯ ಮೇಲೆ ಬಂದು ಕೂತಿತು. ಒಳ್ಳೆಯ ಮಾತು. ಒಬ್ಬ ಹೆಂಗಸು ಉಳಿದ ಬದುಕಿಡೀ ಒಳಗೆ ಇಟ್ಟುಕೊಳ್ಳಬಹುದಾದಂಥದ್ದು, ಯಾರಿಗೂ ಅದರಿಂದ ಕೆಡುಕಿಲ್ಲ. ಅಧಿಕಾರಿ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಮೂಗು ಒರೆಸಿಕೊಳ್ಳುವುದನ್ನೂ ಬಿಟ್ಟಿದ್ದರು.

"ಗೊತ್ತಿಲ್ಲ" ಎಂದೆ.

"ಮೈಕು ಸರಿ ಇತ್ತಲ್ಲ?"

"ಸರಿ ಇತ್ತು ಮೇಡಂ. ಬಗ್ಗೋಕೆ ಮೊದಲು ನಾನು ನಾಬನ್ನ ಸೊನ್ನೆಗೆ ತಿರುಗಿಸಿದ್ದೆ. ಅವರೇನಾದ್ರೂ ಹೇಳಿದ್ರೆ, ಸಹಾಯಕ್ಕೆ ಕೂಗಿದ್ರೂ ಸರಿ, ಅದು ಯಾರಿಗೂ ಕೇಳದ ಹಾಗೆ ಮಾಡಿದ್ದು ನಾನೇ."